ಏಳು ಎಸಳಿನ ಬಾಗಿಲು

ಬೆಳ್ಳಾರೆಯ ಮರಗೆಲಸದ ಪದ್ಮಯ್ಯ ಆಚಾರಿಗೆ ಹುಲಿಯ ಭಯವಿರಲಿಲ್ಲ, ಹೆಂಡತಿಯ ಭಯ ಅಷ್ಟಿಷ್ಟು ಇತ್ತು. ಏಳರ ಭಯ ಹಿಡಿದದ್ದು ಮಾತ್ರ ೧೯೫೮ರಲ್ಲಿ, ಕರಿಮೆಣಸಿನ ವ್ಯಾಪಾರಿ ಬಾವ ಸಾಹುಕಾರರ ಹೊಸ ಮನೆಯ ಬಾಗಿಲಿನಿಂದ.

“ನನಗೆ ಏಳು ಮಕ್ಕಳು ಆಚಾರ್ರೆ. ಬಾಗಿಲಲ್ಲಿ ಏಳು ಎಸಳಿನ ಹೂ ಬೇಕು. ಒಂದು ದೊಡ್ಡದು, ಒಂದು ಸಣ್ಣದು ಆಗ್ಬಾರ್ದು,” ಎಂದಿದ್ದರು ಬಾವ.

ಆರು ಎಸಳಾದರೆ ಕೈವಾರವೇ ಸುತ್ತು ನಡೆದು ಮುಗಿಸುತ್ತದೆ. ಎಂಟಾದರೆ ನಾಲ್ಕನ್ನು ಅರ್ಧ ಮಾಡಿದರಾಯಿತು. ಏಳಕ್ಕೆ ಅಪ್ಪ ಹೇಳಿಕೊಟ್ಟ ಲೆಕ್ಕವೊಂದಿತ್ತು. ವೃತ್ತದೊಳಗೆ ಸಮ ಬದಿಗಳ ತ್ರಿಕೋನ ಎಳೆದು, ಒಂದು ಬದಿಯ ಅರ್ಧವನ್ನು ಕೈವಾರದಲ್ಲಿ ಹಿಡಿದು ಸುತ್ತ ಏಳು ಸಲ ನಡೆಸುವುದು. “ಕೊನೆಗೆ ಒಂದು ಭತ್ತದಷ್ಟು ಉಳಿತದೆ, ಯಾರಿಗೂ ಕಾಣುದಿಲ್ಲ” ಎಂದಿದ್ದರು ಅಪ್ಪ. ಅದನ್ನೇ ನಂಬಿ ಪದ್ಮಯ್ಯ ಒಪ್ಪಿಬಿಟ್ಟ. ಬೇಸರ ಕಳೆಯಲೆಂದು ಒಂದೊಂದು ಎಸಳು ಕೆತ್ತುವಾಗಲೂ ಹಿರಿಯನಿಂದ ಹಿಡಿದು ಒಂದೊಂದು ಮಗುವಿನ ಹೆಸರು ಹೇಳಿಕೊಂಡ. ಆ ಚೇಷ್ಟೆಯೇ ಮುಳುವಾಯಿತು. ಉಳಿಕೆಯೂ ಸೇರಿ ಒಂದು ಭತ್ತದಷ್ಟು ಹೆಚ್ಚು ಅಗಲವಾದ ಏಳನೆಯ ಎಸಳು ಕಿರಿಯವಳಾದ ಝೈನಬಳ ಪಾಲಿಗೆ ಬಂತು. ಮರುದಿನವೇ ಝೈನಬ ಜ್ವರದಿಂದ ಮಲಗಿದಳು.

ಮೂರು ದಿನವಾದರೂ ಜ್ವರ ಇಳಿಯದಾಗ ಇದು ಆ ಎಸಳಿನದೇ ಕೆಲಸವೆಂದು ಪದ್ಮಯ್ಯ ಉಳಿ ಕೆಳಗಿಟ್ಟ. ಎಸಳನ್ನು ಸರಿಮಾಡೋಣವೆಂದರೆ ಉಳಿ ಆಡಬೇಕಾದದ್ದು ಆ ಮಗುವಿನ ಮೇಲೆಯೇ! ಬಸ್ಸು ಹಿಡಿದು ರಾಮಕುಂಜಕ್ಕೆ ಹೋಗಿ, ಗಣಿತ ಕಲಿಸುವ ತಿರುಮಲೇಶ್ವರ ಮಾಸ್ಟ್ರಲ್ಲಿ ಕೇಳಿದ.

“ನಿನ್ನ ಅಪ್ಪನ ಲೆಕ್ಕ ಸಾಮಾನ್ಯದ್ದಲ್ಲ ಮಾರಾಯ,” ಎಂದರು ಮಾಸ್ಟ್ರು. “ಸಾವಿರ ವರ್ಷದ ಹಿಂದೆ ಬಾಗ್ದಾದಿನ ಗಣಿತದವರು ಕುಸುರಿ ಕೆಲಸದವರಿಗೆ ಬರೆದುಕೊಟ್ಟದ್ದೂ ಇದನ್ನೇ. ಬರೀ ಕೈವಾರ, ಪಟ್ಟಿ ಹಿಡಿದು ಸರಿಯಾಗಿ ಏಳು ಮಾಡ್ಲಿಕ್ಕೆ ಯಾರಿಂದ್ಲೂ ಆಗುದಿಲ್ಲ. ಅದು ಸಾಬೀತಾಗಿಯೇ ನೂರು ವರ್ಷ ದಾಟಿತು. ಉಳಿದದ್ದನ್ನು ಏಳಕ್ಕೂ ಹಂಚ್ಬೇಕಿತ್ತು ನೀನು.”

ಈಗ ಹಂಚುವುದೆಂದರೆ ಬಾಕಿ ಆರು ಮಕ್ಕಳ ಮೇಲೂ ಉಳಿ ಇಡುವುದು. ಸಮಾಧಾನಕ್ಕೆಂದು ಹೋದವನು ಇನ್ನಷ್ಟು ಬೆವರಿ ಹಿಂದೆ ಬಂದ. ಯಾರಿಂದಲೂ ಆಗದ್ದನ್ನು ಮಾಡಿಕೊಡುತ್ತೇನೆಂದು ಒಪ್ಪಿದವನು ತಾನೇ ಅಲ್ಲವೆ!

ವಾರ ಕಳೆಯಿತು. ತಡೆಯಲಾರದೆ ಬಾವನ ಮನೆಗೆ ಹೋಗಿ, ಮಗುವಿನ ಹಣೆಗೆ ಒದ್ದೆಬಟ್ಟೆ ಇಡುತ್ತಿದ್ದ ತಾಯಿ ಕುಂಞಿಪಾತುಮ್ಮನಲ್ಲಿ ಎಲ್ಲವನ್ನೂ ಹೇಳಿಬಿಟ್ಟ.

“ಇವಳದ್ದು ಸಣ್ಣದಾ?” ಎಂದು ಕೇಳಿದಳು ಆಕೆ.

“ಅಲ್ಲ ಪಾತುಮ್ಮಕ್ಕ, ದೊಡ್ಡದು. ಒಂದು ಭತ್ತದಷ್ಟು.”

“ಹಾಗಾದ್ರೆ ಇವಳಿಗೆ ಎಂತದೂ ಆಗುದಿಲ್ಲ,” ಎಂದು ಉಸಿರು ಬಿಟ್ಟಳು. ಮರುಕ್ಷಣವೇ ಅಂಗಳದಲ್ಲಿದ್ದ ಆರು ಮಕ್ಕಳ ಕಡೆ ನೋಡಿದಳು. “ಸಣ್ಣದಾದದ್ದು ಇವರದ್ದಾ ಆಚಾರ್ರೆ?”

ತನ್ನೊಬ್ಬನಲ್ಲಿದ್ದ ಭಯವನ್ನು ಆ ಮನೆಯೊಳಗೂ ಹೊಗಿಸಿಬಿಟ್ಟಿದ್ದ, ಪುಣ್ಯಾತ್ಮ.

“ಆ ಹಲಗೆಯನ್ನು ಇಲ್ಲಿಗೆ ತರ್ಬೇಡಿ. ಸುಡ್ಲೂ ಬೇಡಿ, ಕಡಿಲೂ ಬೇಡಿ,” ಎಂದಳು ಆಕೆ.

ಝೈನಬ ಹುಷಾರಾದಳು. ಮನೆಗೆ ಬೋಳು ಬಾಗಿಲು ಬಂತು, ಹೂವಿನ ಹಲಗೆ ಆಚಾರಿಯ ಅಟ್ಟ ಸೇರಿತು. ಅಂದಿನಿಂದ ಅವನು ದಿನವೂ ಏನಾದರೊಂದು ನೆಪ ಹುಡುಕಿ ಬಾವನ ಮನೆಯ ಮುಂದೆ ಹಾದು ಮಕ್ಕಳನ್ನು ಎಣಿಸುತ್ತಿದ್ದ. ಏಳು ಸಿಕ್ಕಿದ ಮೇಲೆಯೇ ಊಟ.

ನಾಲ್ಕು ವರ್ಷ ಹೀಗೆಯೇ ನಡೆಯಿತು. ಒಂದು ದಿನ ಎಷ್ಟು ಹೊತ್ತು ನಿಂತರೂ ಆರೇ ಸಿಕ್ಕಿತು. ಪದ್ಮಯ್ಯ ಅಂಗಳದ ಮೆಟ್ಟಿಲಲ್ಲೇ ಕುಳಿತುಬಿಟ್ಟ. ಹೊರಗೆ ಬಂದ ಕುಂಞಿಪಾತುಮ್ಮ ಏನಾಯಿತೆಂದು ಕೇಳಲಿಲ್ಲ.

“ದೊಡ್ಡವ ನಿನ್ನೆ ಬೊಂಬಾಯಿಗೆ ಹೋದ ಆಚಾರ್ರೆ, ಕೆಲಸಕ್ಕೆ,” ಎಂದಳು. “ನಾನೂ ದಿನಾ ಎಣಿಸುದೇ.”