ನಮ್ಮೂರಿನ ಅವಿರೋಧ ಆಯ್ಕೆ

ಬಿ.ಎ. ಎರಡನೇ ವರ್ಷದಲ್ಲಿ ರಾಜ್ಯಶಾಸ್ತ್ರಕ್ಕೆ ಪಂಚಾಯತ್ ರಾಜ್ ಪಾಠವಿತ್ತು. ಬೆಳಿಗ್ಗೆ ನಾಗಮಂಗಲದ ಕಾಲೇಜಿನಲ್ಲಿ ಕೂತು ಮಹಿಳಾ ಮೀಸಲಾತಿಯ ನೋಟ್ಸ್ ಬರೆದುಕೊಳ್ಳುತ್ತಿದ್ದೆ. ಸಂಜೆ ಬೆಳ್ಳೂರು ಕ್ರಾಸಿನ ಕಡೆಯ ಬಸ್ಸು ಹತ್ತಿ ಊರಿಗೆ ತಿರುಗುವ ನಿಲ್ದಾಣವಾದ ನಮ್ಮೂರ ಗೇಟಿನಲ್ಲಿ ಇಳಿಯುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಗೇಟಿನಿಂದ ನಮ್ಮ ಬೀದಿಯವರೆಗೆ ಒಂದೇ ಒಂದು ದೀಪವಿಲ್ಲ. ನಾವು ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು, ಒಬ್ಬರಿಗೊಬ್ಬರು ಅಂಟಿಕೊಂಡು ನಡೆಯುತ್ತಿದ್ದೆವು. ದೀಪ ಹಾಕಿಸಿ ಎಂದು ಅವ್ವ ಪಂಚಾಯಿತಿ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಹೋದಾಗಲೆಲ್ಲ ಅವರು ಹೇಳುತ್ತಿದ್ದದ್ದು, ನಿಮ್ಮ ಯಜಮಾನರನ್ನು ಕಳಿಸಿ ಅಂತ.

ಚುನಾವಣೆ ಬಂತು. ನಮ್ಮ ಬೀದಿಯ ಸೀಟು ಮಹಿಳೆಗೆ ಮೀಸಲಾಯಿತು. ಅವ್ವ ಹೊಲಿಗೆ ಮಷೀನಿನಿಂದ ತಲೆಯೆತ್ತದೆ, ನಾನೇ ನಿಲ್ಲುತ್ತೇನೆ ಎಂದಳು. ಅಪ್ಪ ನಿನ್ನಿಷ್ಟ ಎಂದು ಹಸುವಿಗೆ ಹುಲ್ಲು ಹಾಕಲು ಎದ್ದುಹೋದ. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪುಸ್ತಕದಲ್ಲಿ ಓದಿದ್ದು ನಮ್ಮ ಮನೆಯ ನಡುಮನೆಗೇ ಬಂದು ಕೂತಂತಾಗಿತ್ತು. ನಾಮಪತ್ರ ಸಲ್ಲಿಸುವ ದಿನ ಕಾಲೇಜಿಗೆ ಚಕ್ಕರ್ ಹೊಡೆದು ಅವ್ವನ ಜೊತೆ ಹೋದೆ.

ಆದರೆ ನಮ್ಮೂರಲ್ಲಿ ಓಟು ಹಾಕಿ ಯಾರನ್ನೂ ಆರಿಸುವುದಿಲ್ಲ. ಮಾರಮ್ಮನ ಗುಡಿಯ ಜಗುಲಿಯ ಮೇಲೆ ಹಿರಿಯರು ಕೂರುತ್ತಾರೆ, ಒಬ್ಬರ ಹೆಸರು ಹೇಳುತ್ತಾರೆ, ಮಿಕ್ಕವರು ನಾಮಪತ್ರ ವಾಪಸ್ ತೆಗೆದುಕೊಳ್ಳುತ್ತಾರೆ. ಅದಕ್ಕೆ ಊರಿನ ಒಗ್ಗಟ್ಟು ಎಂದು ಹೆಸರು. ಯಾವ ಸೀಮೆ ಒಗ್ಗಟ್ಟೋ! ಹೆಂಗಸರ ಸೀಟಿನ ಬಗ್ಗೆ ತೀರ್ಮಾನ ಮಾಡಲು ಕೂತ ಆ ಜಗುಲಿಯ ಮೇಲೆ ಒಬ್ಬಳೂ ಹೆಂಗಸಿರಲಿಲ್ಲ. ಅವರು ಆರಿಸಿದ್ದು ಅಲ್ಲೇ ಕೂತಿದ್ದವರೊಬ್ಬರ ಹೆಂಡತಿಯನ್ನು. ಗಂಡ ತೋರಿಸಿದ ಕಡೆ ನಾಮಪತ್ರಕ್ಕೆ ಸಹಿ ಹಾಕಿದ್ದ ಆಕೆಗೆ ಈ ಸುದ್ದಿ ಗೊತ್ತಾದದ್ದು ಅವನು ಊಟಕ್ಕೆ ಮನೆಗೆ ಬಂದಾಗ.

ಹೆಂಡತಿಯ ನಾಮಪತ್ರ ವಾಪಸ್ ತೆಗೆಸು ಎಂದು ಅಪ್ಪನನ್ನು ಕರೆಸಿ ಹೇಳಿದರು. ಅವಳನ್ನೇ ಕೇಳಿ ಎಂದು ಅಪ್ಪ ಎದ್ದುಬಂದ. ಆಮೇಲೆ ನಮ್ಮ ಮನೆ ಬಾಗಿಲಿಗೆ ಒಬ್ಬೊಬ್ಬರೇ ಬರತೊಡಗಿದರು. ಊರಲ್ಲಿ ಇಲ್ಲದ ಜಗಳ ತರಬೇಡ ಎಂದರು. ಓದುವ ಮಗಳು ತಲೆ ಕೆಡಿಸಿದ್ದಾಳೆ ಎಂದೂ ಆಡಿಕೊಂಡರು. ಅವ್ವ ಎಲ್ಲರಿಗೂ ಕಾಫಿ ಕೊಟ್ಟಳು, ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಗೇಟಿನ ದಾರಿಗೆ ದೀಪ ಯಾರು ಹಾಕಿಸುತ್ತೀರಿ ಹೇಳಿ, ಈಗಲೇ ಬಿಡುತ್ತೇನೆ ಎಂದಳು. ಬಂದವರು ಲೋಟ ಕೆಳಗಿಟ್ಟು ಎದ್ದುಹೋದರು.

ಮಾತಿಗೆ ಬಗ್ಗದವಳನ್ನು ಹೇಗೆ ಬಗ್ಗಿಸಬೇಕು ಎಂಬುದು ಆ ಜಗುಲಿಗೆ ಚೆನ್ನಾಗಿ ಗೊತ್ತಿತ್ತು. ನಾಮಪತ್ರ ವಾಪಸಿಗೆ ಕೊನೆಯ ದಿನ ಬೆಳಿಗ್ಗೆ ಅವರದೇ ಕಾರು ನಮ್ಮ ಮನೆಯ ಮುಂದೆ ನಿಂತಿತು. ಇಳಿದವನು ಅವ್ವನ ಒಡಹುಟ್ಟಿದ ಅಣ್ಣ, ಕೆ.ಆರ್. ಪೇಟೆ ಕಡೆಯ ನನ್ನ ಸೋದರಮಾವ. ಕೈಯಲ್ಲಿ ಹೊಸ ಸೀರೆ, ಅದರ ಮೇಲೆ ಅರಿಶಿನ ಕುಂಕುಮ, ಬಳೆ, ಹೂವು, ಅಕ್ಕಿಯ ಗಂಟು. ಗೌರಿ ಹಬ್ಬಕ್ಕೆ ಬರಬೇಕಾದ ತವರಿನ ಸೀರೆ ಹಬ್ಬವಿಲ್ಲದ ದಿನ ಬಂದಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ತವರಿನ ಮಡಿಲಕ್ಕಿಯನ್ನು ಯಾವ ಹೆಂಗಸೂ ಬೇಡ ಎನ್ನುವುದಿಲ್ಲ. ಬೇಡ ಎಂದರೆ ತವರೇ ಬೇಡ ಎಂದಂತೆ. ಇದು ಗೊತ್ತಿದ್ದೇ ಅವರು ಅವನನ್ನು ಹೊರಡಿಸಿದ್ದು.

ಮಾವ ಚಾಪೆಯ ಮೇಲೆ ಕೂತು ನೀರು ಕುಡಿದು ಚೊಂಬು ಕೆಳಗಿಟ್ಟ. "ಊರೋರ್ಗೆ ಮಾತು ಕೊಟ್ಬುಟ್ಟಿವ್ನಿ ಕಣವ್ವ," ಅಂದ. "ನನ್ನ ಬರಿಗೈಲಿ ಕಳಿಸ್ಬ್ಯಾಡ."

"ಕೊಡಕ್ ಮುಂಚೆ ನನ್ನೊಂದ್ ಮಾತು ಕೇಳಬೋದಿತ್ತಲ್ಲ ಅಣ್ಣಯ್ಯ," ಅಂದಳು ಅವ್ವ.

ಮಾವ ಸೀರೆಯನ್ನು ಮುಂದಕ್ಕೆ ಚಾಚಿದ. ಬೇಡ ಎಂದು ನಾನು ಬಾಗಿಲಲ್ಲಿ ನಿಂತು ತಲೆಯಲ್ಲಾಡಿಸುತ್ತಲೇ ಇದ್ದೆ. ಅವ್ವ ನನ್ನ ಕಡೆ ನೋಡಲಿಲ್ಲ. ಸೆರಗು ಹಿಡಿದು ಮಡಿಲು ತುಂಬಿಸಿಕೊಂಡಳು, ಅಣ್ಣನ ಕಾಲಿಗೆ ಬಿದ್ದಳು. ಅದೇ ಕಾರಿನಲ್ಲಿ ಹೋಗಿ ನಾಮಪತ್ರ ವಾಪಸಿಗೆ ಸಹಿ ಹಾಕಿ ಬಂದಳು. ಮಧ್ಯಾಹ್ನ ಗುಡಿಯ ಮುಂದೆ ಪಟಾಕಿ ಹೊಡೆದರು.

ಅದು ಪೇಪರಿನಲ್ಲೂ ಬಂತು. ಜಗುಲಿಯ ಗಂಡಸರೆಲ್ಲ ಹಾರ ಹಾಕಿಕೊಂಡು ನಿಂತ ಫೋಟೋ, ಗೆದ್ದ ಹೆಂಗಸು ಒಂದು ಮೂಲೆಯಲ್ಲಿ. ನಮ್ಮ ಮೇಷ್ಟ್ರು ಅದನ್ನು ತರಗತಿಯಲ್ಲಿ ಓದಿ, ಖರ್ಚಿಲ್ಲ, ಗಲಾಟೆಯಿಲ್ಲ, ಒಮ್ಮತ ಅಂದರೆ ಇದು, ಮಾದರಿ ಗ್ರಾಮ ಎಂದು ಹೊಗಳಿದರು. ನಾನು ಎದ್ದು ನಿಂತೆ. ಅದು ನಮ್ಮೂರು ಸಾರ್, ಅಲ್ಲಿ ಒಮ್ಮತ ಇರಲಿಲ್ಲ, ಎದುರು ನಿಂತವಳ ಬಾಯಿ ಮುಚ್ಚಿಸಿದರು ಅಷ್ಟೇ ಎಂದೆ. ಮೇಷ್ಟ್ರು ಕೆಟ್ಟವರೇನಲ್ಲ. ಪೂರ್ತಿ ಕೇಳಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ, "ಅದೆಲ್ಲ ಸರಿ ಕಣಮ್ಮ, ಪರೀಕ್ಷೇಲಿ ಇದನ್ನ ಬರೀಬೇಡ," ಎಂದರು. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಆ ನಗು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಆ ಸಂಜೆ ಬಸ್ಸಿಳಿದು ಅದೇ ಕತ್ತಲಲ್ಲಿ ನಡೆದು ಮನೆಗೆ ಬಂದವಳು, ಸಿಕ್ಕಿದ್ದು ಅವ್ವನೇ ಎಂದು ಅವಳ ಮೇಲೆ ಹರಿಹಾಯ್ದೆ. ಯಾಕೆ ಮಡಿಲೊಡ್ಡಿದೆ, ಹೇಗೂ ಅವರೇ ಗೆಲ್ಲುತ್ತಿದ್ದರು, ನಿಂತು ಸೋಲಬಹುದಿತ್ತಲ್ಲ ಎಂದು ಕೂಗಾಡಿದೆ. ಅವ್ವ ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ನಾನು ಸುಸ್ತಾಗಿ ಕೂರುವ ಹೊತ್ತಿಗೆ ಕೊನೆಯ ಕೊಕ್ಕೆ ಹಾಕಿ ಮುಗಿಸಿದ್ದಳು. ಆಮೇಲೆ ದಾರವನ್ನು ಹಲ್ಲಿನಲ್ಲಿ ಕಡಿದು ಹೇಳಿದಳು:

"ಸೋಲೋದೇನ್ ದೊಡ್ದಲ್ಲ ಕಣವ್ವ. ಓಟಾಗಿದ್ರೆ, ಈ ಬೀದೀಲಿ ನನ್ ಕಡೆ ಎಷ್ಟ್ ಜನ ಅವ್ರೆ ಅಂತಾನಾದ್ರೂ ಗೊತ್ತಾಯ್ತಿತ್ತು."