ನೆಟ್ ಸೆಂಟರ್ ಅಣ್ಣ ತಂದ ಬನ್ನಿ

ದಸರಾ ರಜೆಗೆಂದು ಮಕ್ತಲ್‌ನಿಂದ ನಾರಾಯಣಪೇಟೆಯ ತವರಿಗೆ ಬಂದಿದ್ದೇನೆ. ಮೊನ್ನೆ ಮಗನ ಹೆಡ್‌ಫೋನ್ ಎತ್ತಿಡುವಾಗ ಅದರ ಸ್ಪಂಜಿನಿಂದ ಬೆವರು, ಕೊಬ್ಬರಿ ಎಣ್ಣೆ ಬೆರೆತ ವಾಸನೆ ಬಂತು. ನೆಟ್ ಸೆಂಟರ್ ಅಣ್ಣ ನೆನಪಾದರು...

ನಾನಾಗ ಇಂಟರ್, ಅಂದರೆ ಪಿಯುಸಿ, ಓದುತ್ತಿದ್ದೆ. ನಮ್ಮ ಓಣಿಯ ತುದಿಯಲ್ಲಿ ಅವರ ಅಂಗಡಿ, ಒಂದಕ್ಕೊಂದು ತಾಗಿಸಿಟ್ಟ ಹಳೇ ಕಂಪ್ಯೂಟರುಗಳು, ಊರ ಹುಡುಗರ ತಲೆಗೆಲ್ಲ ಏರಿಳಿದ ಹೆಡ್‌ಫೋನುಗಳು. ಹಾಲ್‌ಟಿಕೆಟ್ ತೆಗೆಸಲು ಹೋದವಳು ಬಂದೂಕಿನ ಆಟದ ಹುಚ್ಚಿಗೆ ಬಿದ್ದೆ. ಪರದೆಯ ಮೇಲೆ ಬಂದೂಕು ಹಿಡಿದ ಎರಡು ಕೈ ಮಾತ್ರ ಕಾಣುತ್ತವೆ, ಮುಖ ಇಲ್ಲ. ಕಾಲೇಜಿನಲ್ಲಿ ಬಾಯಿ ಬಿಡದ ನಾನು ಅಲ್ಲಿ ಹುಡುಗರನ್ನೆಲ್ಲ ಅಟ್ಟಾಡಿಸುತ್ತಿದ್ದೆ. ಗುಂಡು ತಿಂದವರು ಪಕ್ಕದ ಕುರ್ಚಿಯಲ್ಲೇ ಕೂತು ಬೈಯುತ್ತಿದ್ದರು, ನಗುತ್ತಿದ್ದರು.

"ಮುಂದ ಈ ಆಟ ಜೇಬಿನ್ಯಾಗ ಬರತೈತಿ ನೋಡವ್ವ," ಎನ್ನುತ್ತಿದ್ದರು ಅಣ್ಣ. "ಆದ್ರ ಹೊಡದಾವ ಯಾರು ಅಂತ ತಿಳಿಯಂಗಿಲ್ಲ. ದಸರಾಕ್ಕ ಬನ್ನಿ ಯಾರಿಗೆ ಕೊಡ್ತಿ?" ಅವರ ಅಂಗಡಿಯಲ್ಲಿ ಅದೊಂದು ಪದ್ಧತಿಯಾಗಿತ್ತು. ವರ್ಷವಿಡೀ ಆಟದಲ್ಲಿ ಹೊಡೆದಾಡಿದವರು ದಸರೆಯ ಸಂಜೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು ರಾಜಿಯಾಗಬೇಕು.

ಅಪ್ಪನಿಗೆ ಯಾರೋ ಚಾಡಿ ಹೇಳಿದರು. ಸೀರೆ ವ್ಯಾಪಾರದ ಅಪ್ಪ ಗಿರಾಕಿಗಳ ಮುಂದೆ ಬೆಣ್ಣೆ, ಮನೆಯವರಿಗೆ ಮಾತ್ರ ಸಿಟ್ಟು ಮೂಗಿನ ತುದಿಯಲ್ಲೇ. ನಡು ಬಜಾರಿನಲ್ಲಿ ಅಣ್ಣನ ಕೊರಳಪಟ್ಟಿ ಹಿಡಿದು, "ಹೆಣ್ಣುಹುಡುಗಿ ಕೈಯಾಗ ಬಂದೂಕ ಕೊಡ್ತೀಯೇನಲೇ?" ಎಂದು ಕಪಾಳಕ್ಕೆ ಬಾರಿಸಿದರು. ನಾನು ಭೂಮಿಗೆ ಇಳಿದುಹೋದೆ.

ಆ ವರ್ಷದ ದಸರೆಗೆ ಏಟು ತಿಂದ ಅಣ್ಣನೇ ನಮ್ಮ ಮನೆಗೆ ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಕಾಕಾ," ಎಂದು ಕಾಲಿಗೆ ಬಗ್ಗಿದರು. ನಮ್ಮಲ್ಲಿ ಹಗೆಯವನು ತಂದರೂ ಬನ್ನಿಯನ್ನು ಯಾರೂ ಬೇಡವೆನ್ನುವುದಿಲ್ಲ. ಅಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡರು. ಎಲೆಯನ್ನು ಹೊಸ್ತಿಲ ಮೇಲಿಟ್ಟು ಅಣ್ಣ ಹೊರಟುಹೋದರು... ತಪ್ಪು ಅಪ್ಪನದು, ತಲೆ ತಗ್ಗಿದ್ದು ನನ್ನದು. ಇವತ್ತಿಗೂ ಯಾರಾದರೂ ಬನ್ನಿ ಕೊಟ್ಟರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಕೆಲವು ತಿಂಗಳಲ್ಲಿ ಅವರು ಅಂಗಡಿ ಮುಚ್ಚಿ ಗದ್ವಾಲಕ್ಕೆ ಹೋದರು.

ಈಗ ಅದೇ ಅಪ್ಪ ಮೊಮ್ಮಗನ ಜೊತೆ ಫೋನಿನಲ್ಲಿ ಅಂಥದೇ ಆಟ ಆಡುತ್ತಾರೆ. ಮಂಡಿನೋವು ಮರೆತು, "ಹಿಂದ ಅದಾನ, ಹಿಂದ!" ಎಂದು ಕೂಗುತ್ತಾರೆ. ಯಾವುದೋ ಊರಿನ ಯಾರೋ ಅವರನ್ನು ಹೊಡೆಯುತ್ತಾರೆ, ಹೆಸರೂ ತಿಳಿಯುವುದಿಲ್ಲ. ಮುಂದೆ ಇದು ಕಣ್ಣಿಗೆ ಕಟ್ಟುವ ಕನ್ನಡಕದೊಳಗೇ ಇರುತ್ತದೆ ಅಂತಾನೆ ಮಗ. ಬರಲಿ, ಆಗಲೂ ಅಪ್ಪ ಬಿಡುವವರಲ್ಲ.

ನಿನ್ನೆ ಆಡುತ್ತಾ ಆಡುತ್ತಾ ಕೇಳಿದರು: "ಆ ನೆಟ್ ಸೆಂಟರ್ ಹುಡುಗ ಗದ್ವಾಲದಾಗ ಅದಾನೇನು? ಈ ಸಲ ನಾನ ಹೋಗಿ ಬನ್ನಿ ಕೊಟ್ಟು ಬರ್ತೀನಿ."

ಹೋದ ಬೇಸಿಗೆಯಲ್ಲೇ ನನಗೆ ಸುದ್ದಿ ಬಂದಿತ್ತು. "ತೀರಿಕೊಂಡ್ರಪ್ಪಾ," ಎಂದೆ.

ಅಪ್ಪನ ಬೆರಳು ನಿಂತವು. ಫೋನಿನೊಳಗೆ ಗುಂಡು ಬಿತ್ತು. "ತಾತಾ, ಸತ್ತಿ ನೀ! ಲಗೂನ ಒತ್ತು, ಮತ್ತ ಹುಟ್ಟತಿ," ಎಂದು ಮಗ ಕೂಗುತ್ತಲೇ ಇದ್ದ. ಅಪ್ಪ ಒತ್ತಲಿಲ್ಲ.