ಕುಲುಕಬಾರದ ಸೀಸೆ

ನನ್ನಪ್ಪ ನನ್ನಿವಾಳದ ಕುರಿಗಾರ. ಬಿಸಿಲಲ್ಲಿ ಕುರಿ ಲಸಿಕೆ ಕೆಡದಂತೆ ತರುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ. ಎರಡು ಸಾವಿರದ ಇಸವಿ ಕಳೆದ ಮೇಲೆ ಅವ್ವನ ಕತ್ತಿನಲ್ಲಿ ಗಂಟೆದ್ದು, ದುಗ್ಧಗ್ರಂಥಿಯ ಕ್ಯಾನ್ಸರ್ ಎಂದು ಬೆಂಗಳೂರಿನಲ್ಲಿ ಹೇಳಿದರು. ಮೊದಲೆರಡು ಡೋಸ್ ಅಲ್ಲೇ ಹಾಕಿ, ಮೈಗೆ ಒಗ್ಗಿದ್ದು ನೋಡಿ, ಮೂರನೆಯದನ್ನು ಮೊಳಕಾಲ್ಮೂರಿನಲ್ಲಿ ನಾನು ನರ್ಸ್ ಆಗಿದ್ದ ನರ್ಸಿಂಗ್ ಹೋಮಿನಲ್ಲೇ ಹಾಕಬಹುದು ಎಂದರು. ಔಷಧಿ ತರುವ ಕೆಲಸವನ್ನು ಅಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ.

ಅದು ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯ. ಕ್ಯಾನ್ಸರ್ ಹತ್ತಿದ ಬಿಳಿ ರಕ್ತಕಣಗಳ ಮೈಮೇಲೆ ಒಂದು ಗುರುತಿರುತ್ತದೆ. ಇದು ಹೋಗಿ ಅದಕ್ಕೇ ಅಂಟಿಕೊಂಡು, ದೇಹದ ರಕ್ಷಣಾ ಪಡೆಯನ್ನು ಅವುಗಳ ಮೇಲೆ ಬಿಡುತ್ತದೆ. ಅದೇ ಗುರುತಿನ ಒಳ್ಳೆಯ ಕಣಗಳೂ ಒಂದಷ್ಟು ಸಾಯುತ್ತವೆ, ಆಮೇಲೆ ಹೊಸವು ಹುಟ್ಟುತ್ತವೆ. ಇಷ್ಟು ವಿವರಿಸುವಷ್ಟರಲ್ಲಿ ಅಪ್ಪ ತಡೆದು, ಕಿವಿಯ ಕಚ್ಚು ನೋಡಿ ಕುರಿ ಬೇರೆ ಮಾಡಿದ ಹಾಗೆ ತಾನೇ, ಇದಕ್ಕೆ ಇಷ್ಟೊಂದು ಓದಬೇಕಾ ಎಂದ. ನನಗೆ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ಮಾತ್ರ ಸರಿಯಾಗಿಯೇ ಇತ್ತು.

ಔಷಧಿ ತಣ್ಣಗಿರಬೇಕು, ಹೆಪ್ಪುಗಟ್ಟಬಾರದು, ಕುಲುಕಬಾರದು. ಕುಲುಕಿದರೆ ನೊರೆಯೆದ್ದು ಕೆಡುತ್ತದೆ. ಬೆಂಗಳೂರಿನಿಂದ ಅದನ್ನು ತರುವಾಗ ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿದ ಅಪ್ಪ ರಸ್ತೆಯ ಗುಂಡಿಗಳಿಗೆ ಹೆದರಿ, ಸೀಟು ಖಾಲಿಯಿದ್ದರೂ ಐಸ್ ಡಬ್ಬಿಯನ್ನು ಎದೆಗವಚಿಕೊಂಡು ನಿಂತೇ ಬಂದ. ನರ್ಸಿಂಗ್ ಹೋಮಿನಲ್ಲಿ ನನಗೆ ಅವ್ವನ ಕೈಯಲ್ಲಿ ನರವೇ ಸಿಗದೆ ಬಹಳ ಹೊತ್ತು ಒದ್ದಾಡಿದೆ. ಕೊನೆಗೆ ತಿರುಗಿ ಕೈ ಚಾಚಿದರೆ, ಸೀಸೆ ಹಿಡಿದು ನಿಂತಿದ್ದ ಅಪ್ಪ ಕೊಡಲಿಲ್ಲ.

"ಕುಲುಕಿಬಿಟ್ಟೆ ಕಣವ್ವಾ," ಎಂದ. "ಕುರಿ ಔಷಧಿ ಅಂದ್ಕಂಡು ಕೈ ತಾನೇ ಆಡ್ಬಿಡ್ತು. ಜೋರಾಗೇ ಕುಲುಕಿದೀನಿ."

ಕುರಿ ಲಸಿಕೆಯನ್ನು ಚುಚ್ಚುವ ಮುಂಚೆ ಚೆನ್ನಾಗಿ ಕುಲುಕಬೇಕು. ಮೂವತ್ತು ವರ್ಷದ ರೂಢಿ. ನನ್ನ ಬಾಯಿ ಮೊದಲೇ ಜೋರು, ಡಾಕ್ಟರ ಎದುರಿಗೇ ಅಪ್ಪನಿಗೆ ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬೆಂಗಳೂರಿಗೆ ಫೋನ್ ಮಾಡಿದರೆ, ಹಾಕಲೇಬೇಡಿ, ಬೇರೆ ಕೊಡುತ್ತೇವೆ, ಎರಡು ದಿನ ತಡವಾದರೆ ಪರವಾಗಿಲ್ಲ ಎಂದರು. ಅಪ್ಪ ಒಂದು ಲೋಟ ಚಹಾವನ್ನೂ ಕುಡಿಯದೆ ಮತ್ತೆ ಬಸ್ಸು ಹತ್ತಿದ.

ಎರಡನೆಯ ಸೀಸೆ ಬಂತು, ಹಾಕಿದೆ. ಆರು ಡೋಸ್ ಮುಗಿಯುವಷ್ಟರಲ್ಲಿ ಅವ್ವನ ಗಂಟು ಕರಗಿತ್ತು.

ತಪ್ಪು ಮುಚ್ಚಿಟ್ಟವರನ್ನು ಈ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಂದೆರಡು ಸಲ ನಾನೂ ಮುಚ್ಚಿಟ್ಟಿದ್ದೇನೆ. ಇಂಥವನ ಮಗಳು ನಾನು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಅವತ್ತು ನಾನು ತಿರುಗುವ ಹೊತ್ತಿಗೆ ಸೀಸೆಯ ನೊರೆಯೆಲ್ಲ ಇಳಿದುಹೋಗಿತ್ತು. ಅವನು ಸುಮ್ಮನಿದ್ದಿದ್ದರೆ ನಾನು ಹಾಕಿಯೇಬಿಡುತ್ತಿದ್ದೆ.